ವೋಚರ್ ಮೇಲಿನ ಹೆಬ್ಬೆಟ್ಟು

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಕೊಡಗಿನ ಸಿದ್ದಾಪುರ ಕಡೆಯ ಕಾಫಿ ತೋಟವೊಂದರಲ್ಲಿ ರೈಟರ್ (ಲೆಕ್ಕ ಬರೆಯುವ ಗುಮಾಸ್ತ) ಅವರು. ತಮ್ಮ ಊರಿನ ಚಿಕ್ಕ ಕ್ರೈಸ್ತ ಸಭೆಗೆ ಖಜಾಂಚಿ. ರಾತ್ರಿ ನಿದ್ದೆಯಿಲ್ಲ, ಪ್ರಾರ್ಥನೆಗೆ ಕೂತರೆ ಎದೆ ಹೊಡೆದುಕೊಳ್ಳುತ್ತದೆ ಎಂದು ನನ್ನ ಬಳಿ ಸಲಹೆಗೆ ಬಂದರು. ಇಸಿಜಿಯಲ್ಲಿ ತೊಂದರೆ ಕಂಡಿರಲಿಲ್ಲ.

2018ರ ಆಗಸ್ಟ್ ಮಳೆಗೆ ಗುಡ್ಡ ಕುಸಿದು ಮನೆ ಕಳೆದುಕೊಂಡವರಿಗೆಂದು ಸಭೆ ಹಣ ಕೂಡಿಸಿತ್ತು. ಅದರಲ್ಲಿ 48,000 ರೂಪಾಯಿ ದೇವಾಲಯದ ಚಾವಣಿಗೆ ಹೋಯಿತು. ಸಭಾಪಾಲಕರು (ಪಾಸ್ಟರ್) ಹೇಳಿದರು, ಇವರು ಸಂತ್ರಸ್ತರ ಹೆಸರಿನಲ್ಲಿ ವೋಚರ್ ಬರೆದರು. ತೋಟದ ಕೂಲಿಕಾರರ ಲೈನ್ ಮನೆಗೆ ಬಂದು ಸೇರಿದ್ದ ಒಬ್ಬ ವಿಧವೆಯ ಹೆಸರಿನ ಮುಂದೆ ಒತ್ತಿದ್ದು ತಮ್ಮದೇ ಎಡಗೈ ಹೆಬ್ಬೆಟ್ಟು. ಆ ತಾಯಿ ಈಗಲೂ ಭಾನುವಾರ ಆರಾಧನೆ ಮುಗಿದ ಮೇಲೆ ಇವರ ಕೈಹಿಡಿದು "ವಂದನೆ ಅಣ್ಣಾ" ಎನ್ನುತ್ತಾರೆ.

"ನಾನು ಒಂದು ಪೈಸೆ ಮುಟ್ಟಿಲ್ಲ ಮೇಡಂ. ಹೇಳಿದರು, ಬರೆದೆ."

ಬೈಬಲಿನ ವಿಮೋಚನಕಾಂಡ 32 ತೆಗೆದು ಓದಲು ಕೊಟ್ಟೆ. ಜನರ ಚಿನ್ನವನ್ನು ಬೆಂಕಿಗೆ ಹಾಕಿದೆ, ಈ ಬಸವ ಹೊರಗೆ ಬಂತು ಅನ್ನುತ್ತಾನೆ ಮೋಶೆಯ ಅಣ್ಣ ಆರೋನ, ಜನ ಪೂಜಿಸಿದ ಚಿನ್ನದ ಕರುವಿನ ಬಗ್ಗೆ. ಎರಕ ಹೊಯ್ದವನು ತಾನೇ ಎಂಬುದನ್ನು ನುಂಗಿಬಿಡುತ್ತಾನೆ. ಇವರು ಬಹಳ ಹೊತ್ತು ತಲೆ ಎತ್ತಲಿಲ್ಲ.

ಪ್ರಶ್ನೆ ಎತ್ತಲು ಹೋದಾಗ ಸಭಾಪಾಲಕರು, "ದೇವರ ಅಭಿಷಿಕ್ತರನ್ನು ಮುಟ್ಟಬೇಡಿ" ಎಂದು ಬಾಯಿ ಮುಚ್ಚಿಸಿದ್ದರಂತೆ. ಅಭಿಷಿಕ್ತರೆಂದರೆ ದೇವರು ತನ್ನವರೆಂದು ಆರಿಸಿಕೊಂಡವರು. ನನಗೆ ಸಿಟ್ಟು ಬಂದದ್ದು ಇಲ್ಲಿ. 105ನೇ ಕೀರ್ತನೆಯ ಆ ಮಾತು ಯಾರನ್ನು ಕಾಯುತ್ತದೆ? ಸ್ವಂತ ನೆಲವಿಲ್ಲದೆ ದೇಶದಿಂದ ದೇಶಕ್ಕೆ ಅಲೆಯುತ್ತಿದ್ದ ಬೆರಳೆಣಿಕೆಯ ಜನರನ್ನು. ಎಚ್ಚರಿಕೆ ಕೇಳಿಸಿಕೊಂಡವರು ಅರಸರು. ಹಾಗೆ ನೋಡಿದರೆ ಅದು ಲೈನ್ ಮನೆಯ ಆ ತಾಯಿಯ ಪಕ್ಕ ನಿಲ್ಲುವ ವಚನ. ಇನ್ನು ಯಾಜಕಕಾಂಡ 4ರಲ್ಲಿ, ಸಾಮಾನ್ಯನೊಬ್ಬ ತಿಳಿಯದೆ ತಪ್ಪಿದರೆ ಬಲಿಗೆ ಒಂದು ಹೆಣ್ಣಾಡೋ ಹೆಣ್ಣು ಕುರಿಯೋ ಸಾಕು, ಅಧಿಪತಿಗೆ ಹೋತ. ಅಭಿಷಿಕ್ತ ಯಾಜಕ (ಪುರೋಹಿತ) ತಪ್ಪಿದರೆ ಹೋರಿಯನ್ನೇ ತರಬೇಕು. ಇಡೀ ಸಮೂಹ ತಪ್ಪಿದಾಗ ತರುವುದೂ ಹೋರಿಯನ್ನೇ. ಅಭಿಷೇಕವಾದವನ ಹೊಣೆ ಅಷ್ಟು ದೊಡ್ಡದು.

ದೇವರ ಮುಂದೆ ಅತ್ತಿದ್ದೇನೆ, ಸಾಲದೇ ಎಂದರು. ಯಾಜಕಕಾಂಡ 6ರ ಪ್ರಕಾರ ಮೋಸದಿಂದ ಪಡೆದದ್ದನ್ನು ಮೊದಲು ಹಕ್ಕುದಾರನಿಗೆ ಐದರಲ್ಲೊಂದು ಪಾಲು ಸೇರಿಸಿ ಕೊಡಬೇಕು. ಅದೇ ಲೆಕ್ಕ ಹಿಡಿದರೆ 48,000ಕ್ಕೆ 9,600 ಸೇರಬೇಕು. ಕಣ್ಣೀರಿನಿಂದ ಆ ತಾಯಿಯ ಬಾಕಿ ತೀರುವುದಿಲ್ಲ ಎಂದೆ.

ಅವರಿಗೆ ನಾನು ಹೇಳಿದ್ದು ಇದು: ಮೊದಲು ವಕೀಲರೊಬ್ಬರನ್ನು ಕಾಣಿ, ಸುಳ್ಳು ಹೆಬ್ಬೆಟ್ಟು ಕಾನೂನಿನ ಕಣ್ಣಲ್ಲೂ ಅಪರಾಧ. ಆಮೇಲೆ ಆ ತಾಯಿಯ ಮನೆಗೆ ಹೋಗಿ ಹೇಳಿ. ಕ್ಷಮೆ ಕೇಳಿ, ಆದರೆ ಕ್ಷಮಿಸಲೇಬೇಕೆಂದು ಒತ್ತಾಯಿಸಬೇಡಿ. ಸಭಾಪಾಲಕರಿಗೆ ಮುಂಚೆಯೇ ತಿಳಿಸಿ, ಮಹಾಸಭೆಯಲ್ಲಿ ಲೆಕ್ಕ ಒಪ್ಪಿಸಿ, ಖಜಾಂಚಿ ಸ್ಥಾನ ಬಿಡಿ. ಮುಂದೆ ಹಣ ಎಣಿಸುವ ಕಡೆ ಒಬ್ಬರೇ ಇರುವುದು ಬೇಡ. ಅಪೊಸ್ತಲ ಪೌಲನೂ ಯೆರೂಸಲೇಮಿನ ಬಡವರ ಹಣಕ್ಕೆ ಸಭೆಗಳೇ ಆರಿಸಿದ ಸಹೋದರನನ್ನು ಜೊತೆ ಹಾಕಿಕೊಂಡಿದ್ದ. ಯಾರೂ ತಪ್ಪೆಣಿಸಬಾರದು, ಮನುಷ್ಯರ ಮುಂದೆಯೂ ಸರಿಯಾಗಿರಬೇಕು ಎಂಬ ಅವನ ಕಾರಣ 2 ಕೊರಿಂಥ 8ರಲ್ಲಿದೆ.

ಅವರು ಹೋದರು, ಹೇಳಿದರು. ಆ ತಾಯಿ, "ಆವತ್ತು ಟಾರ್ಪಾಲಿಗೂ ದುಡ್ಡಿರಲಿಲ್ಲ ಅಣ್ಣಾ" ಎಂದಷ್ಟೇ ಹೇಳಿ ಒಳಗೆ ಹೋದರಂತೆ. ಸಭಾಪಾಲಕರು ಇವರೊಡನೆ ಮಾತು ಬಿಟ್ಟಿದ್ದಾರೆ. ಬಾಕಿಯ ಮೊದಲ ಕಂತು ಸಂದಿದೆ, ಎರಡನೆಯದು ಕಾಳುಮೆಣಸು ಮಾರಿದ ಮೇಲೆ.