ಉಳಿದ ಉಲ್ಲನ್ ಉಂಡೆಗಳು, ತಕಲಿಯಲ್ಲಿ ನೂತ ಚೂರುಪಾರು ಲಡಿಗಳು: ಹೆಣೆಯೋಕೆ ಮುಂಚೆ ತೂಕ ಮಾಡಿ

ನಿಮ್ಮ ಪ್ರಶ್ನೆ ಓದಿದೆ. ನಾಲ್ಕು ವರ್ಷದಿಂದ ಹೆಣಿಗೆ ಮಾಡ್ತಿದೀರ, ಸ್ವೆಟರ್ ಟೋಪಿ ಎಲ್ಲ ಮುಗಿದ ಮೇಲೆ ಉಳಿದ ಉಂಡೆಗಳು ಒಂದು ದೊಡ್ಡ ಚೀಲ ತುಂಬಿವೆ, ಈಗ ಆರು ತಿಂಗಳಿಂದ ತಕಲಿಯಲ್ಲಿ, ಅಂದ್ರೆ ಕೈಯಲ್ಲಿ ತಿರುಗಿಸಿ ನೂಲೋ ಕಡ್ಡಿಯಲ್ಲಿ, ಉಣ್ಣೆ ನೂಲೋದೂ ಶುರು ಮಾಡಿದೀರ, ಅದರದ್ದೂ ಸಣ್ಣಪುಟ್ಟ ಲಡಿಗಳು (ಸುತ್ತಿಟ್ಟ ನೂಲು) ಸೇರ್ಕೊಂಡಿವೆ, ಯಾವುದೂ ಒಂದು ಪೂರ್ತಿ ವಸ್ತುಗೆ ಸಾಲಲ್ಲ, ಬಿಸಾಕೋಕೂ ಮನಸ್ಸಿಲ್ಲ, ಏನ್ಮಾಡ್ಲಿ ಅಂತ ಕೇಳಿದೀರ. ನಾನು ಸುಮಾರು ಇಪ್ಪತ್ತು ವರ್ಷದಿಂದ ಹೆಣೀತಿದೀನಿ, ನೂಲೋದು ಚಿಕ್ಕವಳಿದ್ದಾಗ ಅಜ್ಜನ ಪಕ್ಕ ಕೂತು ನೋಡಿ ಕಲಿತಿದ್ದು. ಇಂಥ ಚೀಲ ನನ್ನ ಹತ್ರಾನೂ ಎರಡು ಸಲ ತುಂಬಿ ಖಾಲಿಯಾಗಿದೆ, ಅದಕ್ಕೇ ಸ್ವಲ್ಪ ಉದ್ದವಾಗೇ ಬರೀತೀನಿ.

ಮೊದಲನೇ ಮಾತು, ಬಣ್ಣ ನೋಡಿ ವಿಂಗಡಿಸಬೇಡಿ. ಎಲ್ಲರೂ ಮಾಡೋದು ಅದನ್ನೇ, ನೆಲದ ಮೇಲೆ ಸುರ್ಕೊಂಡು ಕೆಂಪು ಒಂದು ಕಡೆ ನೀಲಿ ಒಂದು ಕಡೆ ಇಡೋದು, ನೋಡೋಕೆ ಚೆನ್ನಾಗೇ ಇರತ್ತೆ. ಆದ್ರೆ ಮೊದಲು ನೋಡಬೇಕಾಗಿದ್ದು ಆ ದಾರ ಯಾವುದರದ್ದು ಅಂತ. ನಮ್ಮಲ್ಲಿ ಅಂಗಡಿಯಲ್ಲಿ ಉಲ್ಲನ್ ಅಂತ ಕೊಡೋ ದಾರ ಬಹುಪಾಲು ಅಕ್ರಿಲಿಕ್, ಉಣ್ಣೆ ಅಲ್ವೇ ಅಲ್ಲ. ಬೆಲೆ ಕಮ್ಮಿ, ಬಣ್ಣ ಚೆನ್ನಾಗಿರತ್ತೆ, ಮಷಿನ್‌ಗೆ ಹಾಕಿದ್ರೂ ಏನೂ ಆಗಲ್ಲ, ಮಕ್ಕಳ ಬಟ್ಟೆಗೆ ನಾನೂ ಅದನ್ನೇ ತರ್ತೀನಿ. ಆದ್ರೆ ಅದನ್ನೂ ನಿಜವಾದ ಉಣ್ಣೆಯನ್ನೂ ಒಂದೇ ಹೊದಿಕೆಯಲ್ಲಿ ಸೇರಿಸಿಬಿಟ್ರೆ ಕಷ್ಟ.

ಇದು ನನಗೆ ಗೊತ್ತಾಗಿದ್ದು ತಂಗಿ ಮಗೂಗೆ ಅಂತ ಮಾಡಿದ ಹೊದಿಕೆಯಿಂದ. ಮೂರು ತಿಂಗಳು ಕೂತು 48 ಚೌಕ ಹೆಣೆದು ಜೋಡಿಸಿದ್ದೆ, ಅದರಲ್ಲಿ ಹದಿನೈದೋ ಹದಿನಾರೋ ಚೌಕ ಹಿಮಾಚಲದಿಂದ ಯಾರೋ ತಂದುಕೊಟ್ಟಿದ್ದ ಅಪ್ಪಟ ಉಣ್ಣೆಯದ್ದು, ಮಿಕ್ಕಿದ್ದೆಲ್ಲ ಅಕ್ರಿಲಿಕ್. ಒಂದು ಸಲ ಬಿಸಿನೀರಲ್ಲಿ ಮಷಿನ್‌ಗೆ ಬಿತ್ತು ಅಷ್ಟೇ. ಉಣ್ಣೆಯ ಎಳೆ ಮೇಲೆ ಮೀನಿನ ಪೊರೆ ಥರ ಸಣ್ಣ ಹುರುಪೆ ಇರತ್ತೆ, ಬಿಸಿ, ಸೋಪು, ತಿಕ್ಕಾಟ ಮೂರೂ ಸೇರಿದಾಗ ಆ ಹುರುಪೆಗಳು ಒಂದಕ್ಕೊಂದು ಸಿಕ್ಕಾಕ್ಕೊಂಡು ಬಟ್ಟೆ ಗಟ್ಟಿಯಾಗಿ ಕುಗ್ಗತ್ತೆ, ಮತ್ತೆ ಬಿಡಿಸೋಕಾಗಲ್ಲ. ಅಕ್ರಿಲಿಕ್‌ಗೆ ಆ ಹುರುಪೆ ಇಲ್ಲ, ಅದು ಇದ್ದ ಹಾಗೇ ಇರತ್ತೆ. ಹೊರಗೆ ತೆಗೆದಾಗ ಉಣ್ಣೆಯ ಚೌಕಗಳು ಅಂಗೈಯಷ್ಟಾಗಿ ದಪ್ಪಗೆ ನಿಂತಿದ್ವು, ಸುತ್ತ ಇದ್ದ ಅಕ್ರಿಲಿಕ್ ಚೌಕಗಳೆಲ್ಲ ಹಪ್ಪಳ ಕರಿದಾಗ ಏಳತ್ತಲ್ಲ ಹಾಗೆ ಉಬ್ಬಿ ಎದ್ದಿದ್ವು. ತುಂಬಾ ದುಃಖ ಆಯ್ತು, ತಂಗಿ ಮುಂದೆ ಅತ್ತೂ ಬಿಟ್ಟೆ. ಆಮೇಲೆ ಒಂದು ವಾರ ಕೂತು ಜೋಡಣೆ ಬಿಚ್ಚಿ ಅಕ್ರಿಲಿಕ್ ಚೌಕಗಳನ್ನ ಉಳಿಸ್ಕೊಂಡೆ.

ಲೇಬಲ್ ಹೋಗಿದ್ರೆ ಯಾವುದು ಯಾವುದು ಅಂತ ಹೇಗೆ ತಿಳಿಯೋದು? ಸುಟ್ಟು ನೋಡಿ. ಬೆರಳುದ್ದ ಚೂರನ್ನ ಇಕ್ಕಳದಲ್ಲಿ ಹಿಡ್ಕೊಂಡು, ಕೆಳಗೆ ಸ್ಟೀಲ್ ತಟ್ಟೆಯಲ್ಲಿ ನೀರಿಟ್ಕೊಂಡು, ತುದಿಗೆ ಬೆಂಕಿ ಮುಟ್ಟಿಸಿ. ಉಣ್ಣೆ ಆದ್ರೆ ಕೂದಲು ಸುಟ್ಟ ವಾಸನೆ ಬರತ್ತೆ, ಬೆಂಕಿ ತೆಗೆದ ತಕ್ಷಣ ತಾನೇ ಆರೋಕೆ ನೋಡತ್ತೆ, ಉಳಿದಿದ್ದನ್ನ ಬೆರಳಲ್ಲಿ ಒತ್ತಿದ್ರೆ ಪುಡಿ ಆಗತ್ತೆ. ಹತ್ತಿ ಆದ್ರೆ ಕಾಗದ ಉರಿದ ಹಾಗೆ ಉರಿದು ಬೂದಿ ಆಗತ್ತೆ. ಅಕ್ರಿಲಿಕ್ ಕರಗಿ ಕಪ್ಪಗೆ ಗಟ್ಟಿ ಮಣಿ ಥರ ನಿಲ್ಲತ್ತೆ, ಅದನ್ನ ಬಿಸಿ ಇರುವಾಗ ಮುಟ್ಟಬೇಡಿ. ಮಿಕ್ಸ್ ದಾರ ಆಗಿದ್ರೆ ಎರಡೂ ಲಕ್ಷಣ ಕಾಣತ್ತೆ, ಅದನ್ನ ಬೇರೆ ಇಡಿ.

ಇದಾದ ಮೇಲೆ ದಪ್ಪ. ಒಂದೇ ದಪ್ಪದ್ದನ್ನೆಲ್ಲ ಒಂದು ಕಡೆ ಹಾಕಿ, ತೀರಾ ತೆಳು ಇರೋದನ್ನ ಎರಡೆಳೆ ಜೋಡಿಸಿ ಹೆಣೀರಿ. ನಮ್ಮ ಕಡ್ಡಿಗಳ ನಂಬರ್ ಗೊತ್ತಲ್ಲ, ನಂಬರ್ ಹೆಚ್ಚಾದಷ್ಟೂ ಕಡ್ಡಿ ತೆಳು, 10 ನಂಬರ್ ಅಂದ್ರೆ ಮೂರೂಕಾಲು ಮಿ.ಮೀ., 8 ಅಂದ್ರೆ 4 ಮಿ.ಮೀ., 6 ಅಂದ್ರೆ 5 ಮಿ.ಮೀ. ನಾಲ್ಕು ಪ್ಲೈ ಅನ್ನೋ ತೆಳು ದಾರ ಒಂಟಿಯಾಗಿ 10ರಲ್ಲಿ ಹೆಣೀತೀವಿ, ಅದೇ ಎರಡೆಳೆ ಸೇರಿಸಿ 6ರಲ್ಲಿ ಹೆಣೆದ್ರೆ ಮೆತ್ತಗೆ ದಪ್ಪಗೆ ಬರತ್ತೆ. ಒಂದು ಎಳೆ ಬೂದು, ಇನ್ನೊಂದು ಎಳೆ ಯಾವುದಾದ್ರೂ ಬಣ್ಣ, ಬೂದು ಮುಗಿಯೋವರೆಗೂ ಬದಲಾಯಿಸಬೇಡಿ, ಬಣ್ಣದ ಎಳೆ ಮಾತ್ರ ಮುಗಿದ ಹಾಗೆ ಬದಲಾಯಿಸ್ತಾ ಹೋಗಿ. ಹತ್ತು ಥರದ ಬಣ್ಣ ಇದ್ರೂ ಒಂದೇ ಕೈಯಿಂದ ಬಂದ ಹಾಗೆ ಕಾಣತ್ತೆ, ನನಗೆ ಇದು ಬಹಳ ಇಷ್ಟವಾದ ದಾರಿ.

ಈಗ ತೂಕ. ಅಡುಗೆಮನೇಲಿ ಬಳಸೋ ಡಿಜಿಟಲ್ ತಕ್ಕಡಿ ಸಾಕು. ಪ್ರತಿ ಉಂಡೆನೂ ತೂಕ ಮಾಡಿ ಚೀಟಿ ಸಿಕ್ಕಿಸಿ, 12 ಗ್ರಾಂ, 20 ಗ್ರಾಂ, 35 ಗ್ರಾಂ ಅಂತ. ನೋಡಿ ಅಂದಾಜು ಮಾಡೋದು ಯಾವಾಗಲೂ ಮೋಸ, ಸಡಿಲವಾಗಿ ಸುತ್ತಿದ ಹತ್ತು ಗ್ರಾಂ ಉಂಡೆ ಬಿಗಿಯಾಗಿ ಸುತ್ತಿದ ಇಪ್ಪತ್ತಕ್ಕಿಂತ ದೊಡ್ಡದಾಗಿ ಕಾಣತ್ತೆ. ತೂಕ ಗೊತ್ತಿದ್ರೆ ದಾರ ಮಧ್ಯದಲ್ಲಿ ಮುಗಿದುಹೋಗೋ ಭಯಾನೇ ಇರಲ್ಲ. ಹೇಗೆ ಅಂದ್ರೆ, ಮೂಲೆಯಿಂದ ಮೂಲೆಗೆ ಹೆಣೆಯೋ ಚೌಕ ಮಾಡಿ. ಮೂರು ಸ್ಟಿಚ್ ಹಾಕ್ಕೊಂಡು ಶುರು, ಬರೀ ನಿಟ್ (ಸೀದಾ ಹೆಣಿಗೆ), ಪರ್ಲ್ (ಉಲ್ಟಾ ಹೆಣಿಗೆ) ಬೇಡ, ಪ್ರತಿ ಸಾಲಿನ ಶುರುವಲ್ಲಿ ಒಂದು ಸ್ಟಿಚ್ ಹೆಚ್ಚಿಸ್ತಾ ಹೋಗಿ. 20 ಗ್ರಾಂ ಉಂಡೆ ಇದ್ರೆ ಉಳಿದಿದ್ದು 10 ಗ್ರಾಂ ಅಂತ ತಕ್ಕಡಿ ತೋರಿಸೋವರೆಗೆ ಹೆಚ್ಚಿಸಿ, ಅಲ್ಲಿಂದ ಪ್ರತಿ ಸಾಲಿಗೆ ಒಂದು ಕಮ್ಮಿ ಮಾಡ್ತಾ ಬನ್ನಿ. ಕೊನೆ ಮೂಲೆ ತಲುಪುವಾಗ ಉಂಡೆನೂ ಮುಗಿದಿರತ್ತೆ. ಮುಗಿಸೋಕೆ ಬೇಕು ಅಂತ ಒಂದು ಗ್ರಾಂ ಹೆಚ್ಚಿಗೇ ಉಳಿಸ್ಕೊಳ್ಳಿ. ಇದೇ ಲೆಕ್ಕ ಸ್ಕಾರ್ಫ್‌ಗೂ ನಡೆಯತ್ತೆ, ಎರಡೂ ತುದಿಗೆ ಒಂದೇ ಬಣ್ಣದ ಪಟ್ಟಿ ಬೇಕು ಅಂದ್ರೆ ಆ ಉಂಡೆ ಅರ್ಧ ಆದ ತಕ್ಷಣ ನಿಲ್ಲಿಸೋದು. ಒಂದು ಸಾಲಿಗಾಗುವಷ್ಟು ದಾರ ಇದೆಯಾ ಅಂತ ಅನುಮಾನ ಬಂದ್ರೆ ಹೆಣೆದಿದ್ದರ ಅಗಲದ ನಾಲ್ಕರಷ್ಟು ದಾರ ಇದೆಯಾ ಅಳೆದು ನೋಡಿ, ಇದ್ರೆ ಧೈರ್ಯವಾಗಿ ಹೆಣೀರಿ.

ಹೊದಿಕೆಗೆ ಎಲ್ಲ ಚೌಕ ಒಂದೇ ಅಳತೆ ಇರಬೇಕಾದ್ದರಿಂದ 15 ಸೆಂ.ಮೀ.ಗೆ ಕಟ್ಟಿಟ್ಕೊಳ್ಳಿ, ಮಧ್ಯಮ ದಪ್ಪದ ದಾರ 8 ನಂಬರ್ ಕಡ್ಡಿಯಲ್ಲಿ ಆದ್ರೆ ಒಂದಕ್ಕೆ ಹತ್ತಿರ ಹತ್ತಿರ 10 ಗ್ರಾಂ ಹಿಡಿಯತ್ತೆ, ಆರು ಅಡ್ಡ ಎಂಟು ಉದ್ದ ಇಟ್ರೆ 90 ಗುಣಿಸು 120 ಸೆಂ.ಮೀ., ಕಾಲ ಮೇಲೆ ಹಾಕ್ಕೊಳ್ಳೋಕೆ, ಮಗೂಗೆ ಹೊದಿಸೋಕೆ ಸರಿಯಾಗತ್ತೆ. ಜೋಡಿಸೋಕೆ ಮಾತ್ರ ಒಂದೇ ಬಣ್ಣದ ಹೊಸ ದಾರ ತನ್ನಿ, ನಾನು ಯಾವಾಗಲೂ ಕಪ್ಪೋ ಕೆನೆಬಣ್ಣವೋ ತರ್ತೀನಿ. ಯಲ್ಲಾಪುರ ಹಳಿಯಾಳ ಕಡೆ ಸಿದ್ಧಿ ಸಮುದಾಯದ ಹೆಣ್ಮಕ್ಕಳು ಹಳೇ ಬಟ್ಟೆ ಚೂರಲ್ಲಿ ಕವಂದಿ, ಅಂದ್ರೆ ಕೌದಿ, ಹೊಲೀತಾರೆ ನೋಡಿದೀರಾ? ಅಂಚಿಂದ ಶುರು ಮಾಡಿ ಸುತ್ತ ಹೊಲೀತಾ ಹೊಲೀತಾ ನಡುವಿಗೆ ಬಂದು ಮುಗಿಸ್ತಾರೆ, ಸಿಕ್ಕ ಬಣ್ಣಾನೇ ಹಚ್ಚಿದ್ರೂ ಆ ಒಂದೇ ಥರದ ಸಾಲು ಸಾಲು ಹೊಲಿಗೆ ಎಲ್ಲವನ್ನೂ ಹಿಡಿದಿಟ್ಟಿರತ್ತೆ. ನಾಲ್ಕೂ ಮೂಲೆಗೆ ಹೂವು ಅಂತ ಮಡಿಚಿದ ಚೂರು ಇಡ್ತಾರೆ, ಅದಿಲ್ಲದೆ ಕವಂದಿ ಪೂರ್ತಿ ಆದಂಗಲ್ಲ. ನಾನು ಬಣ್ಣದ ಬಗ್ಗೆ ಹೆದರೋದು ಬಿಟ್ಟಿದ್ದು ಅದನ್ನ ನೋಡಿದ ಮೇಲೆ.

ತುಂಬಾ ಜನ ಎಲ್ಲ ಚೂರನ್ನೂ ಗಂಟು ಹಾಕಿ ಒಂದೇ ದೊಡ್ಡ ಉಂಡೆ ಮಾಡಿ ಅಂತ ಹೇಳ್ತಾರೆ, ನಾನು ಹೇಳಲ್ಲ. ಗಂಟು ಚರ್ಮಕ್ಕೆ ಒತ್ತತ್ತೆ, ಎರಡು ಒಗೆತಕ್ಕೆ ಬಿಚ್ಚಿಕೊಂಡ್ರೆ ತೂತು ಬೀಳತ್ತೆ. ಅಪ್ಪಟ ಉಣ್ಣೆಗೆ ಗಂಟೇ ಬೇಕಿಲ್ಲ. ಎರಡೂ ತುದಿಯನ್ನ ನಾಲ್ಕು ಬೆರಳಗಲ ಬಿಡಿಸಿ ಪುರುಪುರು ಮಾಡಿ, ಒಂದರ ಮೇಲೊಂದು ಅಂಗೈಯಲ್ಲಿಟ್ಟು, ಸ್ವಲ್ಪ ಎಂಜಲೋ ನೀರೋ ಹಚ್ಚಿ ಎರಡು ಅಂಗೈ ನಡುವೆ ಬತ್ತಿ ಹೊಸೆದ ಹಾಗೆ ಜೋರಾಗಿ ಹೊಸೀರಿ. ಕೈ ಬಿಸಿ ಆಗೋವರೆಗೂ ಬಿಡಬೇಡಿ. ನನ್ನ ಹೊದಿಕೆ ಹಾಳು ಮಾಡಿದ್ದೇ ಆ ಹುರುಪೆ ಇಲ್ಲಿ ಕೆಲಸಕ್ಕೆ ಬರತ್ತೆ, ಎರಡೂ ತುದಿ ಒಂದಾಗಿಬಿಡತ್ತೆ, ಎಳೆದ್ರೂ ಬಿಡಲ್ಲ. ಮಷಿನ್ ವಾಶ್ ಆಗೋ ಹಾಗೆ ಟ್ರೀಟ್ ಮಾಡಿದ ಉಣ್ಣೆಗೂ ಅಕ್ರಿಲಿಕ್‌ಗೂ ಇದು ಆಗಲ್ಲ.

ಇನ್ನು ತೀರಾ ಐದಾರು ಗ್ರಾಂ ಇರೋದಕ್ಕೆ ಬಣ್ಣದ ಚಿತ್ತಾರದ ಟೋಪಿ ಮಾಡಬಹುದು. ಸ್ಕಾಟ್ಲೆಂಡಿನ ಉತ್ತರಕ್ಕಿರೋ ಶೆಟ್ಲ್ಯಾಂಡ್ ದ್ವೀಪಗಳ ಫೇರ್ ಐಲ್ ಹೆಣಿಗೆಯಲ್ಲಿ ಎಷ್ಟೇ ಬಣ್ಣ ಕಂಡ್ರೂ ಒಂದು ಸಾಲಲ್ಲಿ ಎರಡೇ ಬಣ್ಣ ಇರೋದು, ಹಾಗಾಗಿ ಕಷ್ಟ ಅನ್ಕೋಬೇಡಿ.

ಈಗ ನಿಮ್ಮ ನೂತ ನೂಲಿಗೆ ಬರ್ತೀನಿ. ತಕಲಿಯಲ್ಲಿ ಉಳಿಯೋದು ಸಾಮಾನ್ಯವಾಗಿ ಒಂಟಿ ಎಳೆ, ಅದನ್ನ ಹಾಗೇ ಹೆಣೆದ್ರೆ ಬಟ್ಟೆ ಒಂದು ಕಡೆಗೆ ವಾಲತ್ತೆ. ನಮ್ಮ ಅಜ್ಜ ಧಾರವಾಡದಲ್ಲಿ ನೂಲ ಹುಣ್ಣಿಮೆಗೆ ಮುಂಚೆ ತಿಂಗಳುಗಟ್ಟಲೆ ತಕಲಿ ಹಿಡಿದು ಜನಿವಾರಕ್ಕೆ ಹತ್ತಿ ನೂಲ್ತಿದ್ರು. ನೂತಿದ್ದನ್ನ ನಾಲ್ಕು ಬೆರಳು ಜೋಡಿಸಿ 96 ಸುತ್ತು ಸುತ್ತಿ ಅಳೀತಿದ್ರು, ಆಮೇಲೆ ಮೂರೆಳೆ ಮಾಡಿ ಹುರಿ ಹಾಕೋರು, ಅದನ್ನ ಮತ್ತೆ ಮೂರು ಮಾಡೋರು. ನಾನು ಪಕ್ಕದಲ್ಲಿ ಕೂತು ತಕಲಿ ತಿರುಗಿಸೋಕೆ ಹೋದ್ರೆ "ನೂತಿದ್ದು ಒಂದು ದಿಕ್ಕು, ಹುರಿ ಹಾಕೂದು ಇನ್ನೊಂದು ದಿಕ್ಕು ನೋಡವಾ, ಅಂದ್ರನ ಅದು ಗಟ್ಟಿ ಕೂಡತದ" ಅಂತಿದ್ರು. ಉಣ್ಣೆಗೂ ಅದೇ ಮಾತು. ಬಲಕ್ಕೆ ತಿರುಗಿಸಿ ನೂತಿದ್ರೆ ಎಡಕ್ಕೆ ತಿರುಗಿಸಿ ಎರಡೆಳೆ ಸೇರಿಸಿ, ಒಂದರ ಹುರಿಯನ್ನ ಇನ್ನೊಂದು ಹಿಡಿದು ನಿಲ್ಲಿಸತ್ತೆ, ನೂಲು ಸುರುಳಿ ಸುತ್ಕೊಳ್ಳಲ್ಲ.

ಬೇರೆ ಬೇರೆ ಬಣ್ಣದ ಎರಡು ಒಂಟಿ ಎಳೆ ಉಳಿದಿದ್ರೆ ಅವೆರಡನ್ನೂ ಸೇರಿಸಿ. ಒಂದೇ ಎಳೆ ಇದ್ರೆ ಅದನ್ನ ಎಡಗೈಗೆ ಸುತ್ಕೊಂಡು ಎರಡೂ ತುದಿ ಹೊರಗೆ ಸಿಗೋ ಹಾಗೆ ಮಾಡ್ಕೊಂಡು, ಮಣಿಕಟ್ಟಿಗೆ ಬಳೆ ಥರ ಇಳಿಸಿ, ಎರಡೂ ತುದಿ ಜೋಡಿಸಿ ಹುರಿ ಹಾಕ್ತಾ ಬಂದ್ರೆ ಬಳೆಯಿಂದ ತಾನೇ ಬಿಚ್ಚಿಕೊಂಡು ಬರತ್ತೆ. ದಕ್ಷಿಣ ಅಮೆರಿಕದ ಆಂಡೀಸ್ ಬೆಟ್ಟದ ಜನರ ಪದ್ಧತಿ ಇದು, ಒಂದಿಂಚೂ ವೇಸ್ಟ್ ಆಗಲ್ಲ. ತುಂಬಾ ಬಿಗಿಯಾಗಿ ಮಾತ್ರ ಸುತ್ಕೋಬೇಡಿ, ಬೆರಳಿಗೆ ರಕ್ತ ನಿಲ್ಲತ್ತೆ. ಕೊನೆಗೆ ಉಗುರುಬೆಚ್ಚಗಿನ ನೀರಲ್ಲಿ ಅಲುಗಾಡಿಸದೆ ನೆನೆಸಿ ನೆರಳಲ್ಲಿ ನೇತುಹಾಕಿ.

ನೀವು ನೂಲ್ತಿರೋದು ನಮ್ಮ ಡೆಕ್ಕನಿ ಕುರಿ ಉಣ್ಣೆ ಆದ್ರೆ, ಅಂದ್ರೆ ಕುರುಬರು ಕಂಬಳಿಗೆ ಬಳಸೋ ಕರಿ, ಬೂದು ಬಣ್ಣದ ಒರಟು ಉಣ್ಣೆ, ಅದನ್ನ ಕತ್ತಿಗೆ ಸುತ್ತೋ ಯಾವುದಕ್ಕೂ ಹಾಕಬೇಡಿ, ಚುಚ್ಚತ್ತೆ. ಚಳ್ಳಕೆರೆ ಕಡೆ ನೆಂಟರ ಮನೆಗೆ ಹೋದಾಗ ಒಬ್ಬ ಅಜ್ಜಿ ರಾಟೆಯಲ್ಲಿ ಕಂಬಳಿಗೆ ನೂಲ್ತಿದ್ರು, ಹುಣಸೆ ಬೀಜದ ಗಂಜಿ ಹಾಕಿ ನೇಯೋದ್ರಿಂದ ಕಂಬಳಿ ಅಷ್ಟು ಬಿರುಸಾಗಿ ನಿಲ್ಲತ್ತೆ ಅಂತ ಅವರೇ ಹೇಳಿದ್ದು. ಅವರ ಕಾಲ ಹತ್ರ ಬಿದ್ದಿದ್ದ ತುಂಡು ನೂಲನ್ನ ಕಸ ಅನ್ಕೊಂಡು ಸರಿಸೋಕೆ ಹೋದೆ. "ಅದ್ಯಾಕವ್ವ ಬಿಸಾಕ್ತೀಯ, ಸಿಂಬೆಗಾಗ್ತದೆ" ಅಂದ್ರು. ಸಿಂಬೆ ಅಂದ್ರೆ ಪಾತ್ರೆ ಕೆಳಗೆ ಇಡೋ ಬಳೆ ಥರದ ಸುರುಳಿ. ನಾನು ಊರಿಗೆ ಬಂದು ಅದನ್ನೇ ಮಾಡಿದೆ. ಉಳಿದ ಕರಿ ನೂಲನ್ನ ಮೂರೆಳೆ ಸೇರಿಸಿ ದಪ್ಪ ಕ್ರೋಶಾ ಕಡ್ಡಿಯಲ್ಲಿ ಕೊಳವೆ ಥರ ಹೆಣೆದು, ಒಳಗೆ ಉಣ್ಣೆ ಚೂರೇ ತುಂಬಿ, ಎರಡು ತುದಿ ಜೋಡಿಸಿ ಹೊಲಿದು, ಬೇಕಂತಲೇ ಬಿಸಿನೀರು ಸೋಪಲ್ಲಿ ತಿಕ್ಕಿ ಗಟ್ಟಿ ಮಾಡಿದ ಸಿಂಬೆ ಅದು, ಬಿಸಿ ಕುಕ್ಕರ್ ಅದರ ಮೇಲೇ ಇಳಿಸ್ತೀನಿ. ಮಸಿಬಟ್ಟೆಗೂ ಇದೇ ಉಣ್ಣೆ ಇಲ್ಲಾ ಹತ್ತಿ ಬಳಸಿ. ಅಕ್ರಿಲಿಕ್ ಬೇಡವೇ ಬೇಡ, ಬಿಸಿ ಪಾತ್ರೆಗೆ ಕರಗಿ ಕೈಗೆ ಅಂಟತ್ತೆ.

ಹತ್ತಿ ನೂಲೂ ಉಳಿದಿದ್ರೆ ದೇವರ ಮನೆಗೆ ಬತ್ತಿ ಹೊಸೆದುಬಿಡಿ. ಕತ್ತರಿಸಿದ ತುದಿಗಳನ್ನೆಲ್ಲ ಒಂದು ಡಬ್ಬಿಯಲ್ಲಿ ಹಾಕ್ತಾ ಬನ್ನಿ, ಉಣ್ಣೆಯದ್ದನ್ನ ಅರ್ಧ ಇಂಚು ಚೂರು ಮಾಡಿ ಹೊಸ ಉಣ್ಣೆ ಹಿಂಜುವಾಗ ಜೊತೆಗೆ ಹಿಂಜಿದ್ರೆ ನೂಲಲ್ಲಿ ಅಲ್ಲಲ್ಲಿ ಬಣ್ಣದ ಕಾಳು ಕಂಡ ಹಾಗೆ ಬರತ್ತೆ, ಅಕ್ರಿಲಿಕ್‌ದನ್ನ ದಿಂಬಿಗೆ ತುಂಬಿ. ಹಕ್ಕಿ ಗೂಡಿಗಾಗತ್ತೆ ಅಂತ ಬಾಲ್ಕನಿಯಲ್ಲಿ ಮಾತ್ರ ಬಿಡಬೇಡಿ, ಮರಿಗಳ ಕಾಲಿಗೆ ಸುತ್ಕೊಂಡು ಕಾಲೇ ಹೋಗತ್ತೆ.

ನಿಮ್ಮ ಲಡಿಗಳು ಯಾವ ಉಣ್ಣೆ, ಒಟ್ಟು ಎಷ್ಟು ಗ್ರಾಂ, ಒಂಟಿ ಎಳೆನಾ ಜೋಡಿ ಎಳೆನಾ ಅಂತ ಕೆಳಗೆ ಬರೀರಿ. ನೂರು ಗ್ರಾಂ ಮೇಲಿದ್ದು ಮೆತ್ತಗಿದ್ರೆ ಚೌಕ ಬೇಡ, ಮೂಲೆಯಿಂದ ಹೆಣೆಯೋ ಸಣ್ಣ ಶಾಲಿಗೆ ಲೆಕ್ಕ ಹಾಕಿ ಕೊಡ್ತೀನಿ.