ಪ್ರೋಗ್ರಾಮ್‌ನ ಮೆಮೊರಿ ಬಳಕೆಯ ಗ್ರಾಫನ್ನು ಬ್ಲ್ಯಾಕ್ ಬುಕ್‌ನಲ್ಲಿ ಅಚ್ಚು ಹಾಕಿಸುವುದು ಹೇಗೆ?

ಮುಂಬೈಯಲ್ಲಿ ಇಂಜಿನಿಯರಿಂಗ್‌ನ ಕೊನೆಯ ವರ್ಷದಲ್ಲಿರುವ ನೀವು ಕೇಳಿರುವುದು ಇಷ್ಟು: ಹ್ಯಾಸ್ಕೆಲ್ ಭಾಷೆಯ ಪ್ರೋಗ್ರಾಮ್‌ನ ಹೀಪ್ ಪ್ರೊಫೈಲ್ (ಓಡುವಾಗ ಅದು ಯಾವುದಕ್ಕೆ ಎಷ್ಟು ಮೆಮೊರಿ ಹಿಡಿಯಿತೆಂಬ ದಾಖಲೆ) ತೆಗೆದಾಗ ‘ಎಚ್‌ಪಿ’ ಎಂದು ಕೊನೆಗೊಳ್ಳುವ ಫೈಲೊಂದು ಸಿಕ್ಕಿದೆ, ಪ್ರೋಗ್ರಾಮನ್ನು ತಿದ್ದುವ ಮೊದಲು ಮತ್ತು ತಿದ್ದಿದ ನಂತರ ಅದು ಹಿಡಿದ ಮೆಮೊರಿಯನ್ನು ಬ್ಲ್ಯಾಕ್ ಬುಕ್‌ನಲ್ಲಿ, ಅಂದರೆ ಬೈಂಡ್ ಮಾಡಿಸಿ ಕೊಡುವ ಪ್ರಾಜೆಕ್ಟ್ ವರದಿಯಲ್ಲಿ, ಎರಡು ಗ್ರಾಫ್‌ಗಳಾಗಿ, ಕಪ್ಪು-ಬಿಳುಪಿನಲ್ಲಿ ತೋರಿಸಬೇಕಾಗಿದೆ. ಡೊಂಬಿವಲಿಯಿಂದ ದಿನವೂ ಲೋಕಲ್ ಹಿಡಿದು ಹೋಗಿ ಇದೇ ಬಗೆಯ ಕೆಲಸ ಮಾಡುವವನು ನಾನು. ನೀವು ಈಗ ಮಾಡಲು ಹೊರಟಿರುವ ತಪ್ಪುಗಳಲ್ಲಿ ಹೆಚ್ಚಿನವನ್ನು ನಾನು ಓದುವಾಗಲೇ ಮಾಡಿ ಮುಗಿಸಿದ್ದೇನೆ.

ಆ ಫೈಲನ್ನು ಯಾವುದಾದರೂ ಎಡಿಟರ್‌ನಲ್ಲಿ ತೆರೆದು ನೋಡಿ. ಮೇಲಿನ ನಾಲ್ಕು ಸಾಲುಗಳಲ್ಲಿ ಪ್ರೋಗ್ರಾಮ್‌ನ ಹೆಸರು, ದಿನಾಂಕ ಮತ್ತು ಅಳತೆಯ ಮಾನಗಳಿರುತ್ತವೆ. ಅದರ ಕೆಳಗೆ ಒಂದೊಂದು ಸ್ಯಾಂಪಲ್‌ಗೂ ಆರಂಭದ ಸಾಲು, ಕೊನೆಯ ಸಾಲು, ಇವೆರಡರ ನಡುವೆ ಒಂದು ಹೆಸರು, ಒಂದು ಟ್ಯಾಬ್, ಒಂದು ಬೈಟ್ ಸಂಖ್ಯೆ. ಇದನ್ನು ಚಿತ್ರವಾಗಿಸಲು ಬೇರೆ ಸಾಫ್ಟ್‌ವೇರ್ ಹುಡುಕಬೇಕಾಗಿಲ್ಲ. ಹ್ಯಾಸ್ಕೆಲ್‌ನ ಜಿಎಚ್‌ಸಿ ಕಂಪೈಲರ್‌ನ ಜೊತೆಗೇ ಬರುವ ಎಚ್‌ಪಿ2ಪಿಎಸ್ ಎಂಬ ಸಣ್ಣ ಪ್ರೋಗ್ರಾಮ್ ಈ ಫೈಲನ್ನು ಪೋಸ್ಟ್‌ಸ್ಕ್ರಿಪ್ಟ್ (ಪಿಎಸ್) ಎಂಬ ಮುದ್ರಣದ ಫೈಲಿಗೆ ಬದಲಿಸುತ್ತದೆ, ಘೋಸ್ಟ್‌ಸ್ಕ್ರಿಪ್ಟ್‌ನ ಪಿಎಸ್2ಪಿಡಿಎಫ್ ಅದನ್ನು ಪಿಡಿಎಫ್ ಮಾಡಿಕೊಡುತ್ತದೆ. ಇಂಗ್ಲೆಂಡಿನ ಯಾರ್ಕ್ ವಿಶ್ವವಿದ್ಯಾಲಯದ ಕಾಲಿನ್ ರನ್ಸಿಮನ್ ಮತ್ತು ಡೇವಿಡ್ ವೇಕ್‌ಲಿಂಗ್ 1993ರಲ್ಲಿ ಪ್ರಕಟಿಸಿದ ಲೇಖನದಿಂದ ಹೆಸರಾದ ವಿಧಾನವಿದು. ಹಳೆಯ ಯಾರ್ಕ್ ಶೈಲಿಯಲ್ಲೇ ಗ್ರಾಫ್ ಬೇಕೆನ್ನುವವರಿಗಾಗಿ ‘ವೈ’ ಎಂಬ ಆಯ್ಕೆ ಇಂದಿಗೂ ಎಚ್‌ಪಿ2ಪಿಎಸ್‌ನಲ್ಲಿ ಉಳಿದುಕೊಂಡಿದೆ.

ಅದು ತಾನಾಗಿ ಕೊಡುವ ಗ್ರಾಫ್ 9 ಇಂಚು ಅಗಲ, 6 ಇಂಚು ಎತ್ತರವಿದ್ದು, ಎ4 ಹಾಳೆಯಲ್ಲಿ ಅಡ್ಡಲಾಗಿ ಕೂರುತ್ತದೆ. ಗೋಡೆಗೆ ಅಂಟಿಸಿಕೊಂಡು ನೋಡಲು ಅದು ಚೆನ್ನ, ಪುಸ್ತಕದ ಪುಟಕ್ಕೆ ಒಗ್ಗದು. ‘ಇ’ ಆಯ್ಕೆಯ ಜೊತೆಗೆ ಅಗಲವನ್ನು ಕೊಟ್ಟರೆ ಗ್ರಾಫ್ ನೆಟ್ಟಗೆ ನಿಂತು, ವರದಿಯ ಪುಟ ಜೋಡಿಸುವ ಲೇಟೆಕ್‌ಗೆ ಸೇರಿಸುವಂತಿರುತ್ತದೆ. ಎ4 ಹಾಳೆಯ ಅಗಲ 210 ಮಿಲಿಮೀಟರ್. ಬೈಂಡಿಂಗ್‌ಗೆಂದು ಎಡಗಡೆ ಒಂದೂವರೆ ಇಂಚು, ಬಲಗಡೆ ಒಂದು ಇಂಚು ಬಿಟ್ಟರೆ ಉಳಿಯುವುದು ಸುಮಾರು 146. ಆದ್ದರಿಂದ 145 ಮಿಲಿಮೀಟರ್ ಎಂದು ಕೊಡಿ.

ಇನ್ನು ಕಪ್ಪು-ಬಿಳುಪಿನ ವಿಷಯ. ಸಣ್ಣಕ್ಷರದ ‘ಸಿ’ ಹಾಕಿದರೆ ಬಣ್ಣದ ಗ್ರಾಫ್ ಬರುತ್ತದೆ, ಹಾಕದಿದ್ದರೆ ಬೂದು ಛಾಯೆಗಳು. ನಾನು ಬಣ್ಣದ ಗ್ರಾಫನ್ನೇ ಪೆನ್‌ಡ್ರೈವ್‌ನಲ್ಲಿ ಮಾಟುಂಗದ ಝೆರಾಕ್ಸ್ ಅಂಗಡಿಗೆ ಒಯ್ದು ಕಪ್ಪು-ಬಿಳುಪಿನಲ್ಲಿ ಅಚ್ಚು ಹಾಕಿಸಿದ್ದೆ. ಪರದೆಯ ಮೇಲೆ ಕೆಂಪು, ಹಸಿರು ಎಂದು ಬೇರೆಬೇರೆಯಾಗಿದ್ದ, ಫೈಲಿನ ಒಂದೊಂದು ಹೆಸರಿಗೂ ಒಂದರಂತಿರುವ ಪಟ್ಟಿಗಳೆಲ್ಲ ಕಾಗದದ ಮೇಲೆ ಒಂದೇ ಇದ್ದಿಲಿನ ಗುಡ್ಡೆಯಂತೆ ಕಂಡವು. ಆದರೆ ‘ಸಿ’ ಬಿಟ್ಟುಬಿಟ್ಟರೆ ಸಾಕೆಂದೂ ತಿಳಿಯಬೇಡಿ. ಏನೂ ಹೇಳದಿದ್ದರೆ ಈ ಪ್ರೋಗ್ರಾಮ್ 20 ಪಟ್ಟಿಗಳವರೆಗೆ ಬಿಡಿಸುತ್ತದೆ, 20 ಬಗೆಯ ಬೂದನ್ನು ಬೇರ್ಪಡಿಸಿ ನೋಡುವ ಕಣ್ಣು ಹೊರಗಿನಿಂದ ಬರುವ ಯಾವ ಪರೀಕ್ಷಕರಿಗೂ ಇರುವುದಿಲ್ಲ. ‘ಎಂ’ ಆಯ್ಕೆಗೆ 6 ಅಥವಾ 7 ಎಂದು ಕೊಡಿ. ದೊಡ್ಡ ಪಟ್ಟಿಗಳು ಉಳಿದು, ಮಿಕ್ಕವೆಲ್ಲ ‘ಅದರ್’ ಎಂಬ ಒಂದೇ ಪಟ್ಟಿಯಲ್ಲಿ ಸೇರಿಕೊಳ್ಳುತ್ತವೆ.

ಎರಡು ಗ್ರಾಫ್‌ಗಳನ್ನು ಹೋಲಿಸುವಾಗ ಎಲ್ಲರೂ ಎಡವುವ ಜಾಗ ಬೇರೆ ಇದೆ. ಪ್ರತಿ ಗ್ರಾಫನ್ನೂ ಪುಟ ತುಂಬುವ ಹಾಗೆ ತಾನೇ ಹಿಗ್ಗಿಸುವುದು ಈ ಪ್ರೋಗ್ರಾಮ್‌ನ ಸ್ವಭಾವವಾದ್ದರಿಂದ, 300 ಎಂಬಿ ಹಿಡಿಯುತ್ತಿದ್ದದ್ದು 30 ಎಂಬಿಗೆ ಇಳಿದಿದ್ದರೂ ಎರಡೂ ಗುಡ್ಡಗಳು ಒಂದೇ ಎತ್ತರಕ್ಕೆ ಕಾಣುತ್ತವೆ, ಅಕ್ಷದ ಅಂಕಿಗಳನ್ನು ಓದದವರಿಗೆ ನಿಮ್ಮ ವರ್ಷದ ದುಡಿಮೆ ಕಾಣುವುದೇ ಇಲ್ಲ. ಇದಕ್ಕೆಂದೇ ‘ಪಿ’ ಆಯ್ಕೆಯಿದೆ. ಗ್ರಾಫ್ ಬಿಡಿಸುವಾಗಲೆಲ್ಲ ಅಕ್ಷಗಳ ವ್ಯಾಪ್ತಿ, ಪಟ್ಟಿಗಳ ಕ್ರಮ ಮತ್ತು ಛಾಯೆಗಳು ಅದೇ ಹೆಸರಿನ ‘ಆಕ್ಸ್’ ಫೈಲಿನಲ್ಲಿ ಉಳಿಯುತ್ತವೆ; ‘ಪಿ’ ಹಾಕಿದರೆ ಮುಂದಿನ ಗ್ರಾಫ್ ಅವನ್ನೇ ಬಳಸಿಕೊಳ್ಳುತ್ತದೆ. ಮೊದಲು ದೊಡ್ಡದನ್ನು, ಅಂದರೆ ತಿದ್ದುವ ಮುನ್ನಿನ ಗ್ರಾಫನ್ನು ಬಿಡಿಸಿ, ಆ ಪಿಎಸ್ ಫೈಲಿಗೆ ಬೇರೆ ಹೆಸರು ಕೊಟ್ಟು, ಹೊಸ ಪ್ರೊಫೈಲನ್ನು ಹಳೆಯ ಹೆಸರಿನಲ್ಲೇ ಇಟ್ಟು ‘ಪಿ’ಯೊಂದಿಗೆ ಓಡಿಸಿ. ಒಂದು ಎಚ್ಚರಿಕೆ: ಲೇಟೆಕ್ ಕೂಡ ‘ಆಕ್ಸ್’ ಎಂಬ ಫೈಲನ್ನೇ ಬರೆಯುತ್ತದೆ. ವರದಿಗೂ ಪ್ರೋಗ್ರಾಮ್‌ಗೂ ‘ಮೇನ್’ ಎಂದೇ ಹೆಸರಿಟ್ಟು ಎರಡನ್ನೂ ಒಂದೇ ಫೋಲ್ಡರ್‌ನಲ್ಲಿ ಇಟ್ಟುಕೊಂಡಿದ್ದ ನಾನು, ಒಂದು ಇನ್ನೊಂದನ್ನು ಅಳಿಸುತ್ತಿದೆ ಎಂಬುದು ಹೊಳೆಯುವಷ್ಟರಲ್ಲಿ ಅರ್ಧ ರಾತ್ರಿ ಕಳೆದಿದ್ದೆ.

ಗ್ರಾಫ್‌ನ ತಲೆಬರಹದಲ್ಲಿ ನೀವು ಟೈಪ್ ಮಾಡಿದ ಇಡೀ ಕಮಾಂಡ್ ಬಂದು ಅಸಹ್ಯವಾಗಿ ಕಂಡರೆ, ಎಚ್‌ಪಿ ಫೈಲಿನ ಮೊದಲ ಸಾಲನ್ನು ಕೈಯಿಂದಲೇ ತಿದ್ದಿ. 35 ಅಕ್ಷರಗಳೊಳಗಿದ್ದರೆ ಅದು ಸಣ್ಣ ಚೌಕದಲ್ಲಿ ಹಿಡಿಸುತ್ತದೆ. ಇದು ಮೋಸವಲ್ಲ, ಅಂಕಿಗಳನ್ನು ಮಾತ್ರ ಮುಟ್ಟಬೇಡಿ. ನಿಮ್ಮ ಗೆಳೆಯನ ಸಿ ಭಾಷೆಯ ಪ್ರೋಗ್ರಾಮ್‌ಗೂ ಇದೇ ನಡೆಯುತ್ತದೆಯೇ ಎಂದು ಕೇಳಿದ್ದೀರಿ: ಇಲ್ಲ, ಅದಕ್ಕೆ ವ್ಯಾಲ್‌ಗ್ರಿಂಡ್ ಎಂಬ ಸಾಫ್ಟ್‌ವೇರ್‌ನ ಮ್ಯಾಸಿಫ್ ಮತ್ತು ಎಂಎಸ್-ಪ್ರಿಂಟ್ ಇವೆ, ಅವು ಅಕ್ಷರಗಳಿಂದಲೇ ಕಟ್ಟಿದ ಗ್ರಾಫ್ ಕೊಡುತ್ತವೆ, ಹಾಗೆಯೇ ಅಚ್ಚಾಗುತ್ತದೆ.

ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ಒಂದು ಪ್ರಶ್ನೆ ಬಂದೇ ಬರುತ್ತದೆ: ಓಡುತ್ತಿರುವ ಪ್ರೋಗ್ರಾಮ್‌ಗಳ ವಿವರ ಕೊಡುವ ‘ಟಾಪ್’ ಕಮಾಂಡ್ ತೋರಿಸುವ ಮೆಮೊರಿ ಗ್ರಾಫ್‌ನಲ್ಲಿರುವುದಕ್ಕಿಂತ ಎರಡು-ಮೂರು ಪಟ್ಟು ಏಕೆ? ಗ್ರಾಫ್‌ನಲ್ಲಿರುವುದು ಗಾರ್ಬೇಜ್ ಕಲೆಕ್ಷನ್ (ಬೇಡವಾದ ದತ್ತಾಂಶವನ್ನು ಮೆಮೊರಿಯಿಂದ ತೆರವು ಮಾಡುವ ಕೆಲಸ) ಆದ ಕೂಡಲೇ ಎಣಿಸಿದ ಜೀವಂತ ದತ್ತಾಂಶ ಮಾತ್ರ. ಜಿಎಚ್‌ಸಿಯ ಕಲೆಕ್ಟರ್ ಅದನ್ನು ಒಂದೆಡೆಯಿಂದ ಇನ್ನೊಂದೆಡೆಗೆ ನಕಲು ಮಾಡಿಕೊಳ್ಳುವುದರಿಂದ ಅದಕ್ಕೆ ಹೆಚ್ಚಿನ ಜಾಗ ಬೇಕಾಗುತ್ತದೆ, ಜೊತೆಗೆ ಪ್ರೊಫೈಲಿಂಗ್‌ಗಾಗಿ ಪ್ರತಿ ವಸ್ತುವಿಗೂ ಎರಡು ವರ್ಡ್‌ಗಳಷ್ಟು (ವರ್ಡ್ ಎಂದರೆ ಮೆಮೊರಿಯ ಒಂದು ಸಣ್ಣ ಘಟಕ) ಹೊರೆ ಸೇರುತ್ತದೆ. ಗ್ರಾಫ್‌ನ ಕೆಳಗಿನ ಅಡಿಬರಹದಲ್ಲೇ ‘ಜೀವಂತ ಹೀಪ್’ ಎಂದು ಬರೆದುಬಿಟ್ಟರೆ ಆ ಪ್ರಶ್ನೆಗೆ ಉತ್ತರ ನಿಮ್ಮ ಪುಟದಲ್ಲೇ ಇರುತ್ತದೆ.