ಆ ‘ಪಾಲಿಸಿ’ಯನ್ನು ತಿದ್ದಿ ಕಳಿಸಿ

ನಮಸ್ಕಾರ. ಗ್ರೀಸಿನ ಥರ್ಮೊಪಿಲೆ ಕಣಿವೆದಾರಿಯನ್ನು ಪರ್ಷಿಯದ ಸೈನ್ಯದೆದುರು ಕಾಯುತ್ತ ಮಡಿದ ಸ್ಪಾರ್ಟದವರ ಸಮಾಧಿಲೇಖದ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಶ್ರಮಪಟ್ಟಿದ್ದೀರಿ, ಭಾಷೆ ತಿಳಿಯಾಗಿದೆ. ಆದರೆ ಇಡೀ ಲೇಖನಕ್ಕೆ ಆಧಾರವಾದ ಆ ಎರಡು ಸಾಲಿನ ಅನುವಾದ ನೋಡಿ ಸಿಟ್ಟೇ ಬಂತು.

ನೀವು ಬರೆದದ್ದು: ‘ದಾರಿಹೋಕನೇ, ಸ್ಪಾರ್ಟದವರಿಗೆ ಹೇಳು, ಅವರ ಮಾತನ್ನು ಪಾಲಿಸಿ ನಾವಿಲ್ಲಿ ಮಡಿದೆವು.’

ಮೊದಲು ‘ಮಡಿದೆವು’. ಗ್ರೀಕ್ ಇತಿಹಾಸಕಾರ ಹೆರೊಡೊಟಸ್ ತನ್ನ ಇತಿಹಾಸದ 7ನೇ ಭಾಗದಲ್ಲಿ ಕೊಟ್ಟಿರುವ ಪಾಠದಲ್ಲಿ ಸತ್ತೆವು ಎಂಬ ಮಾತೇ ಇಲ್ಲ. ಅಲ್ಲಿರುವುದು ‘ಕೆಯ್ಮೆಥ’, ಮಲಗಿದ್ದೇವೆ. ಕ್ರಿ.ಪೂ. 480ರಲ್ಲಿ ಸತ್ತವರು ಓದುವವನ ಎದುರು ಈಗ ಮಾತಾಡುತ್ತಿದ್ದಾರೆ. ನೀವು ಅದನ್ನು ವರದಿ ಮಾಡಿಬಿಟ್ಟಿರಿ.

ನನ್ನ ನಿಜವಾದ ತಕರಾರು ‘ಪಾಲಿಸಿ’ಯ ಮೇಲೆ. ಮೂಲದ ಕಟ್ಟಕಡೆಯ ಪದ ‘ಪೆಯ್ಥೊಮೆನೊಯ್’. ‘ಒಪ್ಪುವಂತೆ ಮಾಡು’ ಎಂಬರ್ಥದ ಧಾತು ಮಧ್ಯಮ ಪ್ರಯೋಗದಲ್ಲಿ (ಸಂಸ್ಕೃತದ ಆತ್ಮನೇಪದದಂತೆ, ಕ್ರಿಯೆ ಕರ್ತೃವಿನತ್ತಲೇ ತಿರುಗುವ ರೂಪ) ‘ಮಾತು ಕೇಳಿ ನಡೆ’ ಎಂದಾಗುತ್ತದೆ. ಇದು ಅದರ ವರ್ತಮಾನ ಕೃದಂತ, ಅಂದರೆ ‘ಮಾತು ಕೇಳಿ ನಡೆಯುತ್ತಿರುವವರು’ ಎಂಬ ರೂಪ. ಪ್ರಥಮಾ ವಿಭಕ್ತಿ, ಬಹುವಚನ, ಹಾಗಾಗಿ ‘ನಾವು’ ಎಂಬ ಕರ್ತೃವಿಗೇ ಅಂಟಿಕೊಂಡಿದೆ. ಆ ‘ಮೆನೊಸ್’ ಪ್ರತ್ಯಯ ನಮಗೇನೂ ಹೊರಗಿನದಲ್ಲ, ‘ಯಜಮಾನ’, ‘ವರ್ತಮಾನ’ಗಳಲ್ಲಿರುವ ಸಂಸ್ಕೃತದ ‘ಮಾನ’ದ ಬಳಗದ್ದು. ಕೆಲಸ ಆಗಿಹೋಯಿತು ಎನ್ನಬೇಕಿದ್ದರೆ ಗ್ರೀಕಿನಲ್ಲಿ ‘ಪಿಥೊಮೆನೊಯ್’ ಎಂಬ ಬೇರೆ ರೂಪವೇ ಇತ್ತು. ಒಂದು ಸ್ವರದ ವ್ಯತ್ಯಾಸ, ಅಷ್ಟೇ. ನಿಮ್ಮ ‘ಪಾಲಿಸಿ’ ಭೂತನ್ಯೂನ, ಅಂದರೆ ಒಂದು ಕ್ರಿಯೆ ಮುಗಿಯಿತೆಂದು ಹೇಳಿ ಮುಂದಿನ ಕ್ರಿಯಾಪದಕ್ಕೆ ಕಾಯುವ ರೂಪ: ಪಾಲಿಸಿದರು, ಆಮೇಲೆ ಸತ್ತರು, ಅಲ್ಲಿಗೆ ಮುಗಿಯಿತು. ಮೂಲದಲ್ಲಿ ಮುಗಿದಿಲ್ಲ. ಮಲಗಿರುವುದೂ ಮಾತು ನಡೆಸುವುದೂ ಒಟ್ಟಿಗೇ ಸಾಗಿವೆ. ಸತ್ತ ಮೇಲೂ ಅವರು ಕಾವಲು ಬಿಟ್ಟಿಲ್ಲ. ರೋಮಿನ ವಾಗ್ಮಿ ಸಿಸೆರೊನ ಲ್ಯಾಟಿನ್ ಅನುವಾದದಲ್ಲಿ ‘ಮಾತು’ ಇರಬೇಕಾದಲ್ಲಿ ‘ತಾಯ್ನಾಡಿನ ಪವಿತ್ರ ಕಾನೂನು’ ಇದೆ, ಆದರೆ ಅವನೂ ಪಾಲನೆಯ ಕ್ರಿಯಾಪದವನ್ನು ವರ್ತಮಾನದಲ್ಲೇ ಇಟ್ಟ.

ನಾನು ಪತ್ರಿಕೆಗೆ ಸೇರಿದ ಹೊಸದರಲ್ಲಿ ಹಿರಿಯ ಸಂಪಾದಕರೊಬ್ಬರು ಅನುವಾದಗಳ ಕರಡನ್ನು ನನ್ನಿಂದ ಗಟ್ಟಿಯಾಗಿ ಓದಿಸುತ್ತಿದ್ದರು. ನ್ಯೂನ ಕ್ರಿಯಾಪದ ಬಂದಲ್ಲೆಲ್ಲ ತಡೆದು, ಅಡಿಯಲ್ಲಿ ಪೆನ್ಸಿಲ್ ಗೆರೆ ಎಳೆದು, ‘ಇದು ಆಯಿತೋ, ಆಗುತ್ತಿದೆಯೋ?’ ಎಂದು ಕೇಳುವರು. ಉತ್ತರ ಕೊಡದೆ ಮುಂದಿನ ಸಾಲಿಗೆ ಹೋಗುವಂತಿರಲಿಲ್ಲ. ಆಗ ಬೇಸರವಾಗುತ್ತಿತ್ತು. ಈಗ ಯಾರ ಅನುವಾದ ಬಂದರೂ ನನ್ನ ಕಣ್ಣು ಮೊದಲು ಹೋಗುವುದೇ ಅಲ್ಲಿಗೆ.

‘ಪಾಲಿಸುತ್ತ ಮಲಗಿದ್ದೇವೆ’ ಎಂದರೆ ಕಿವಿಗೆ ಒರಟು ಎನ್ನುತ್ತೀರೇನೋ. ಇರಲಿ, ಗ್ರೀಕಿನಲ್ಲೂ ಆ ಎರಡು ಕ್ರಿಯೆಗಳು ಒಟ್ಟಿಗೆ ನಿಂತು ಓದುಗನನ್ನು ತಡೆಯುತ್ತವೆ. ‘ಇಲ್ಲಿ ಮಲಗಿದ್ದೇವೆ, ಅವರ ಮಾತು ನಡೆಸುತ್ತ’ ಎಂದು ಮಾಡಿ ನೋಡಿ. ಕೊನೆಯ ಪದ ಕೊನೆಯಲ್ಲೇ ಉಳಿಯುತ್ತದೆ. ಇಷ್ಟು ತಿದ್ದಿದರೆ ‘ಅವರ ಕರ್ತವ್ಯ ಅಂದೇ ಪೂರ್ಣವಾಯಿತು’ ಎನ್ನುವ ನಿಮ್ಮ ಕೊನೆಯ ಪ್ಯಾರಾ ನಿಲ್ಲುವುದಿಲ್ಲ. ಅದನ್ನು ಹೊಸದಾಗಿ ಬರೆದು ಕಳಿಸಿ, ಪ್ರಕಟಿಸುತ್ತೇನೆ.